ಜನಗಣತಿ ಅಂಕಿ ಎಲ್ಲರಿಗೂ ತಿಳಿಯೋ ಹಂಗ ತೋರಿಸ್ಲಿಕ್ ಯಾವ ಟೂಲ್ ಛಲೋ? ಕಣ್ಣು ಕಾಣದವರಿಗೂ, ಓದ್ಲಿಕ್ ಬರದವರಿಗೂ

ಸುರಪುರದ ಮಾಸ್ತರ

ನಮಸ್ಕಾರ್ರಿ ಎಲ್ಲರಿಗೂ. ನಾ ಯಾದಗಿರಿ ಜಿಲ್ಲಾ ಸುರಪುರ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಿನ್ಯಾಗ ಸಮಾಜ ವಿಜ್ಞಾನ ಹೇಳ್ತೀನ್ರಿ. ಮುಂದಿನ ತಿಂಗಳ ನಮ್ಮ ಪಂಚಾಯ್ತಿಯೊಳಗ ಮಕ್ಕಳ ಗ್ರಾಮಸಭಾ ಅದ, ಒಂಬತ್ತನೇತ್ತಾ ಹುಡುಗ್ರು ಈ ಸಲ ಬರೇ ಶೌಚಾಲಯ, ಕಾಂಪೌಂಡ್ ಕೇಳೂದಲ್ಲ ಸರ್, ನಮ್ಮ ಜಿಲ್ಲಾದ ಅಂಕಿ ಹಿಡ್ಕೊಂಡು ಮಾತಾಡ್ತೀವಿ ಅಂದ್ರು, ನನಗ ಭಾಳ ಖುಷಿ ಆತು.

2011ರ ಜನಗಣತಿಯಿಂದ ಸಾಕ್ಷರತಾ ಅಂಕಿ ತಗೊಂಡೆ. ರಾಜ್ಯಕ್ಕ ಶೇಕಡಾ 75.36, ದಕ್ಷಿಣ ಕನ್ನಡಕ್ಕ 88.57, ನಮ್ಮ ಯಾದಗಿರಿಗೆ 51.83. ನಮ್ಮಲ್ಲೇ ಗಂಡಸರು 62.25, ಹೆಣ್ಮಕ್ಕಳು 41.38. ಕಂಪ್ಯೂಟರಿನ್ಯಾಗ ಹಸಿರಿಂದ ಕೆಂಪಿನ ತನಕಾ ಬಣ್ಣ ಹಾಕಿ ರಾಜ್ಯದ ನಕ್ಷೆ ಮಾಡಿ ಕ್ಲಾಸಿನ್ಯಾಗ ತೋರಿಸ್ದೆ. ಮುಂದಿನ ಬೆಂಚಿನ ಹುಡುಗಿ ಒಬ್ಬಾಕಿ ಎದ್ದು, "ಸರ್, ನಮ್ಮ ಜಿಲ್ಲಾ ಒಂದಾ ಯಾಕ ಅಷ್ಟು ಕೆಂಪ ಅದ, ನಾವೇನ್ ತಪ್ಪು ಮಾಡೀವಿ" ಅಂದ್ಳ್ರಿ. ನನಗ ಏನ್ ಹೇಳ್ಬೇಕು ತಿಳೀಲಿಲ್ಲ. ಆ ನಕ್ಷಾ ಅಲ್ಲೇ ಮುಚ್ಚಿಟ್ಟೆ.

ಇನ್ನೊಂದು ಸಂಗತಿ, ನಮ್ಮ ಸಾಲಿ ಕನ್ನಡ ಮಾಸ್ತರಿಗೆ ಪೂರಾ ಕಣ್ಣು ಕಾಣ್ಸೂದಿಲ್ಲ. ಲ್ಯಾಪ್‌ಟಾಪಿನ್ಯಾಗ ಕೇಳಿಸ್ಕೊಂಡೇ ಎಲ್ಲಾ ಓದ್ತಾರ. ಮಕ್ಕಳಿಗೆ ಭಾಷಣ ತಯಾರಿ ಮಾಡಸೂದು ಅವ್ರೇ. ನಾ ನಕ್ಷಾ ಕಳಿಸಿದ್ರ ಅವರಿಗೆ "ಇಮೇಜ್" ಅಂತ ಒಂದು ಶಬ್ದ ಕೇಳಿಸ್ತದ, ಅಷ್ಟಾ. ಮತ್ತ ಸಭಾಕ್ಕ ಬರೂ ತಾಯಂದಿರು ಭಾಳ ಮಂದಿ ಸಾಲಿ ಮುಖ ನೋಡಿಲ್ಲ, ಅವರ ಮುಂದ ಶೇಕಡಾ 41.38 ಅಂದ್ರ ಏನ್ ತಿಳೀಬೇಕು. ಅಂಕಿ ಅವರದಾ, ಅವರಿಗೇ ತಿಳೀಲಿಲ್ಲಂದ್ರ ತೋರಿಸಿ ಏನ್ ಉಪಯೋಗ.

ರೊಕ್ಕ ಕೊಟ್ಟು ತಗೊಳ್ಳೂ ಸಾಫ್ಟ್‌ವೇರ್ ಬ್ಯಾಡ್ರಿ. ಸಾಲಿಯೊಳಗ ಒಂದು ಕಂಪ್ಯೂಟರ್, ಒಂದು ಪ್ರೊಜೆಕ್ಟರ್ ಅದ, ಕರೆಂಟ್ ನಂಬ್ಲಿಕ್ ಆಗೂದಿಲ್ಲ, ಹಂಗಾಗಿ ಜೆರಾಕ್ಸ್ ಮಾಡಿ ಹಂಚೂದೇ ಗ್ಯಾರಂಟಿ. ತಿಳಿದವರು ಹೇಳ್ರಿ.

ನಕ್ಷೆ ಮತ್ತು ಕಾಫಿ, ಬೆಂಗಳೂರು

ಸರ್, ಆ ಹುಡುಗಿ ಕೇಳಿರೋ ಪ್ರಶ್ನೆ ತುಂಬಾ ಮುಖ್ಯವಾದ್ದು, ದಯವಿಟ್ಟು ನಕ್ಷೆ ಮುಚ್ಚಿಟ್ಟು ಬಿಟ್ಟುಬಿಡ್ಬೇಡಿ. ನಾನು ದಿನಾ ಇದೇ ಕೆಲಸ ಮಾಡ್ತೀನಿ, ಕೆಂಪು ಹಸಿರು ಹಾಕಿದ ತಕ್ಷಣ ಅಂಕಿ ಹೋಗಿ ತೀರ್ಪು ಆಗ್ಬಿಡುತ್ತೆ, ಕೆಂಪು ಅಂದ್ರೆ ನಪಾಸು ಅಂತ ಮಕ್ಕಳಿಗೆ ಗೊತ್ತು. ಅದೂ ಅಲ್ದೆ ಕೆಂಪು-ಹಸಿರು ಬೇರೆ ಬೇರೆ ಅಂತ ಗುರುತಿಸೋಕೆ ಆಗದವರು ಗಂಡಸರಲ್ಲಿ ಸಾಕಷ್ಟು ಜನ ಇರ್ತಾರೆ, ನಿಮ್ಮ ಕ್ಲಾಸಲ್ಲೇ ಒಬ್ಬ ಹುಡುಗ ಇರಬಹುದು, ಅವನಿಗೇ ಅದು ಗೊತ್ತಿರಲ್ಲ. ಒಂದೇ ಬಣ್ಣ ತಗೊಳ್ಳಿ, ನೀಲಿ ಅಂತಿಟ್ಕೊಳ್ಳಿ, ತಿಳಿಯಿಂದ ಗಾಢಕ್ಕೆ ಹೋಗಿ. ಎರಡು ಗುಂಪು ಹೋಲಿಸ್ಬೇಕು ಅಂದ್ರೆ ನೀಲಿ ಮತ್ತು ಕಿತ್ತಳೆ. ಆಮೇಲೆ ಆ ಹಾಳೇನ ನಿಮ್ಮ ಜೆರಾಕ್ಸ್ ಮಷೀನಲ್ಲೇ ಒಂದ್ಸಲ ಹಾಕಿ ನೋಡಿ, ಕಪ್ಪು ಬಿಳುಪಲ್ಲೂ ವ್ಯತ್ಯಾಸ ಕಂಡ್ರೆ ಬಣ್ಣ ಸರಿ ಇದೆ ಅಂತ ಅರ್ಥ.

ಟೂಲ್ ವಿಚಾರಕ್ಕೆ ಬಂದ್ರೆ ಡೇಟಾರ್ಯಾಪರ್ ಅಂತ ಇದೆ, ಬ್ರೌಸರಲ್ಲೇ ಓಡುತ್ತೆ, ಫ್ರೀ ಅಕೌಂಟ್ ನಿಮಗೆ ಧಾರಾಳ ಸಾಕು. ಎಕ್ಸೆಲ್‌ನಿಂದ ಕಾಪಿ ಮಾಡಿ ಪೇಸ್ಟ್ ಮಾಡಿದ್ರೆ ಚಾರ್ಟ್ ಬರುತ್ತೆ. ನಾನು ಇದನ್ನೇ ಹೇಳ್ತಿರೋದಕ್ಕೆ ಎರಡು ಕಾರಣ, ಬಣ್ಣಗುರುಡು ಇರೋರಿಗೆ ನಿಮ್ಮ ಚಾರ್ಟ್ ಹೇಗೆ ಕಾಣುತ್ತೆ ಅಂತ ಅದೇ ಚೆಕ್ ಮಾಡಿ ತೋರಿಸುತ್ತೆ, ಮತ್ತೆ ಸ್ಕ್ರೀನ್ ರೀಡರ್ (ಪರದೆ ಮೇಲಿರೋದನ್ನ ಓದಿ ಹೇಳೋ ಸಾಫ್ಟ್‌ವೇರ್) ಬಳಸೋರಿಗೋಸ್ಕರ ವಿವರಣೆ ಬರೆಯೋಕೆ ಬೇರೆ ಜಾಗಾನೇ ಇದೆ, ಆ ಡಬ್ಬೀನ ಖಾಲಿ ಬಿಡಬೇಡಿ. ಕನ್ನಡ ಅಕ್ಷರ ಬ್ರೌಸರಲ್ಲಿ ಸರಿಯಾಗಿ ಬರುತ್ತೆ, ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೇಲಿ ಮಾಡೋಕೆ ಹೋದ್ರೆ ಕೆಲವು ಕಡೆ ಒತ್ತಕ್ಷರ ಒಡೆದು "ಕನ್ನಡ"ದ ಒತ್ತು ಪಕ್ಕಕ್ಕೆ ಬಂದು ಕೂತಿರುತ್ತೆ. ಇಂಟರ್ನೆಟ್ ಇಲ್ಲದೆ ಕೆಲಸ ಆಗ್ಬೇಕು ಅಂದ್ರೆ ಕ್ಯೂಜಿಐಎಸ್ ಅಂತ ನಕ್ಷೆ ಮಾಡೋ ಸಾಫ್ಟ್‌ವೇರ್ ಇದೆ, ಅದೂ ಫ್ರೀ, ಬಣ್ಣಗುರುಡಿನ ಪ್ರಿವ್ಯೂ ಅದರಲ್ಲೂ ಇದೆ, ಆದ್ರೆ ಕಲಿಯೋಕೆ ಸ್ವಲ್ಪ ದಿನ ಬೇಕು, ಒಂದು ತಿಂಗಳಲ್ಲಿ ಸಭೆ ಇಟ್ಕೊಂಡು ಅದಕ್ಕೆ ಕೈ ಹಾಕೋದು ಬೇಡ ಅನ್ಸುತ್ತೆ.

ನಕ್ಷೆಗೆ ಇಳಿಯೋ ಮುಂಚೆ ಒಂದು ಮಾತು. ನಕ್ಷೇಲಿ ಕಣ್ಣಿಗೆ ಬೀಳೋದು ನೆಲ, ಜನ ಅಲ್ಲ. ಬೆಳಗಾವಿ ಜಿಲ್ಲೆ 13 ಸಾವಿರ ಚದರ ಕಿಲೋಮೀಟರ್ ಮೇಲಿದೆ, ಬೆಂಗಳೂರು ನಗರ ಜಿಲ್ಲೆ 2,200ರ ಹತ್ತಿರ, ಆದ್ರೆ 2011ರಲ್ಲೇ ಬೆಂಗಳೂರಲ್ಲಿ 96 ಲಕ್ಷ ಜನ. ನಕ್ಷೇಲಿ ಬೆಂಗಳೂರು ಒಂದು ಚುಕ್ಕಿ ಥರ ಕಾಣುತ್ತೆ. ಅದಕ್ಕೆ ಜಿಲ್ಲೆಗಳನ್ನ ಸಾಲಾಗಿ ಬರೆದು ಪ್ರತಿ ಸಾಲಲ್ಲೂ ಎರಡು ಚುಕ್ಕಿ ಇಡಿ, ಒಂದು ಗಂಡಸರದು, ಒಂದು ಹೆಂಗಸರದು, ನಡುವೆ ಒಂದು ಗೆರೆ ಎಳೀರಿ. ಗೆರೆ ಉದ್ದ ಇದ್ದಷ್ಟೂ ಅಂತರ ಜಾಸ್ತಿ. ದಕ್ಷಿಣ ಕನ್ನಡದಲ್ಲಿ 93.13 ಮತ್ತು 84.13, ಗೆರೆ ಚಿಕ್ಕದು. ನಿಮ್ಮಲ್ಲಿ 62.25 ಮತ್ತು 41.38, ಹೆಚ್ಚುಕಮ್ಮಿ 21 ಅಂಕ ಉದ್ದ. ಸಮಾನತೆ ಅನ್ನೋದು ಈ ಗೆರೇಲಿ ಕಾಣುತ್ತೆ, ಜಿಲ್ಲೆಗೆ ಒಂದೇ ಅಂಕಿ ಕೊಟ್ರೆ ಕಾಣಲ್ಲ.

ಈಗ ಆ ಹುಡುಗಿಗೆ ಉತ್ತರ. 2001ರಲ್ಲಿ ಈಗಿನ ಯಾದಗಿರಿ ಪ್ರದೇಶದ ಸಾಕ್ಷರತೆ 39.90 ಇತ್ತು, ಹತ್ತು ವರ್ಷಕ್ಕೆ 51.83 ಆಯ್ತು, ಅಂದ್ರೆ ಸುಮಾರು 12 ಅಂಕ ಏರಿಕೆ. ಅದೇ ಅವಧೀಲಿ ರಾಜ್ಯ 66.64ರಿಂದ 75.36, ಸುಮಾರು 9 ಅಂಕ. ದಕ್ಷಿಣ ಕನ್ನಡ 83.35ರಿಂದ 88.57, 5 ಅಂಕ. ಮೇಲಿರೋರಿಗೆ ಇನ್ನೂ ಮೇಲೇರೋಕೆ ಜಾಗ ಕಮ್ಮಿ ಅನ್ನೋದು ನಿಜ, ಅದನ್ನೂ ಮಕ್ಕಳಿಗೆ ಹೇಳಿ. ಆದ್ರೆ ಎಡಗಡೆ 2001, ಬಲಗಡೆ 2011 ಅಂತ ಎರಡು ಗೂಟ ಹಾಕಿ ಜಿಲ್ಲೆಗೊಂದು ಗೆರೆ ಎಳೆದ್ರೆ ಈ ಮೂರರಲ್ಲಿ ಯಾದಗಿರಿ ಗೆರೇನೇ ಎಲ್ಲಕ್ಕಿಂತ ಕಡಿದಾಗಿ ಮೇಲೆ ಹೋಗಿರುತ್ತೆ. ಆ ಮಗು ತನ್ನ ಊರನ್ನ ಹಾಗೂ ನೋಡ್ಲಿ ಸರ್.

ಕೇಳಿ ಓದುವವನು, ಮೈಸೂರು

ಮಾಸ್ತರೇ, ನಾನೂ ನಿಮ್ಮ ಕನ್ನಡ ಮೇಷ್ಟ್ರ ಥರಾನೇ, ಹುಟ್ಟಿದಾಗಿನಿಂದ ಕಣ್ಣು ಕಾಣಲ್ಲ, ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರ್ ಬಳಸ್ತೀನಿ. ಮೇಲಿನವರು ಹೇಳಿದ ವಿವರಣೆ ಡಬ್ಬಿ ಒಳ್ಳೇದೇ, ಆದ್ರೆ ಅದರಲ್ಲಿ ಜನ ಏನು ಬರೀತಾರೆ ಗೊತ್ತಾ? "ಕರ್ನಾಟಕದ ಸಾಕ್ಷರತೆ ತೋರಿಸುವ ನಕ್ಷೆ". ಇದನ್ನ ಕೇಳಿ ನಾನೇನು ಮಾಡ್ಲಿ. ನೋಡೋರಿಗೆ ಒಂದು ಕ್ಷಣದಲ್ಲಿ ಏನು ಗೊತ್ತಾಗುತ್ತೋ ಅದನ್ನ ಬರೀರಿ. "ಕರಾವಳಿ ಜಿಲ್ಲೆಗಳು ಮತ್ತು ಬೆಂಗಳೂರು ಮೇಲಿವೆ, ಈಶಾನ್ಯದ ಯಾದಗಿರಿ, ರಾಯಚೂರು ಕೆಳಗಿವೆ, ಯಾದಗಿರಿಯಲ್ಲಿ ನೂರು ಹೆಂಗಸರಲ್ಲಿ 41 ಜನರಿಗೆ ಓದು ಬರಹ ಬರುತ್ತದೆ", ಹೀಗೆ ಎರಡು ಮೂರು ವಾಕ್ಯ. ಅಷ್ಟು ಸಾಕು, ಮೂವತ್ತು ಜಿಲ್ಲೆ ಅಂಕಿ ಎಲ್ಲಾ ಅಲ್ಲೇ ತುಂಬಬೇಡಿ, ನಡುವೆ ನಿಲ್ಲಿಸಿ ಹಿಂದೆ ಹೋಗಿ ಕೇಳೋದು ಕಷ್ಟ ಆಗುತ್ತೆ.

ಅಂಕಿಗೆ ಬೇರೆ ಟೇಬಲ್ ಕೊಡಿ. ನಿಜವಾದ ಟೇಬಲ್ ಕಣ್ರೀ, ಟೇಬಲ್ಲಿನ ಫೋಟೋ ಅಲ್ಲ. ವೆಬ್ ಪೇಜಲ್ಲಿ ಟಿ ಕೀ ಒತ್ತಿದ್ರೆ ನಾನು ನೇರ ಟೇಬಲ್ಲಿಗೆ ಹೋಗ್ತೀನಿ, ಕಂಟ್ರೋಲ್ ಆಲ್ಟ್ ಹಿಡ್ಕೊಂಡು ಬಾಣದ ಕೀ ಒತ್ತಿದ್ರೆ ಮನೆಯಿಂದ ಮನೆಗೆ ನಡೀತೀನಿ, ಮೇಲಿನ ಸಾಲಲ್ಲಿ ತಲೆಬರಹ ಸರಿಯಾಗಿ ಇದ್ರೆ "ಹೆಂಗಸರು, 41.38" ಅಂತ ಓದಿ ಹೇಳುತ್ತೆ. ಎರಡು ಮನೆ ಸೇರಿಸಿ ಒಂದು ಮಾಡೋದು, ಚಂದ ಕಾಣ್ಲಿ ಅಂತ ನಡುವೆ ಖಾಲಿ ಸಾಲು ಬಿಡೋದು, ಇದೆಲ್ಲ ಮಾಡಬೇಡಿ, ನಾವು ದಾರಿ ತಪ್ತೀವಿ.

ಇನ್ನೊಂದು ವಿಷಯ, ಇದಕ್ಕೆ ನಾನು ತುಂಬಾ ನೊಂದಿದ್ದೀನಿ. ಹಿಂದೊಮ್ಮೆ ಒಂದು ಕಚೇರಿಯಿಂದ ನನ್ನ ತಾಲೂಕಿನ ಅಂಗವಿಕಲರ ಅಂಕಿಅಂಶ ಕೇಳಿ ಪಡೆದೆ. ಅಂಗವಿಕಲರದ್ದೇ ಅಂಕಿ ಅದು. ಫೈಲ್ ತೆಗೆದ್ರೆ ಯೂನಿಕೋಡ್ (ಎಲ್ಲಾ ಕಂಪ್ಯೂಟರಿಗೂ ಕನ್ನಡ ಅಂತಾನೇ ತಿಳಿಯೋ ಅಕ್ಷರ ವ್ಯವಸ್ಥೆ) ಅಲ್ಲದ ಹಳೇ ಫಾಂಟಲ್ಲಿ ಟೈಪ್ ಮಾಡಿದ್ರು, ನೋಡೋರಿಗೆ ಚೆನ್ನಾಗಿರೋ ಕನ್ನಡ, ನನಗೆ ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲಾ ಕಲಸಿ ಓದ್ತಿತ್ತು, ಒಂದು ಪದ ಅರ್ಥ ಆಗ್ಲಿಲ್ಲ. ನನ್ನ ಬಗ್ಗೆ ಇರೋ ಅಂಕಿ ಓದೋಕೆ ನಾನು ಪಕ್ಕದ ಮನೆ ಹುಡುಗನ್ನ ಕರೀಬೇಕಾಯ್ತು. ನುಡಿ, ಬರಹ ಯಾವುದ್ರಲ್ಲಾದ್ರೂ ಟೈಪ್ ಮಾಡಿ, ಎರಡರಲ್ಲೂ ಯೂನಿಕೋಡ್ ಆಯ್ಕೆ ಇದೆ, ಅದನ್ನ ಆರಿಸ್ಕೊಳ್ಳಿ. ಕಳಿಸೋ ಮುಂಚೆ ಒಂದು ಸಾಲು ಕಾಪಿ ಮಾಡಿ ವಾಟ್ಸಾಪಲ್ಲಿ ಪೇಸ್ಟ್ ಮಾಡಿ ನೋಡಿ, ಅಲ್ಲೂ ಕನ್ನಡಾನೇ ಬಂದ್ರೆ ನಮಗೂ ಓದೋಕೆ ಆಗುತ್ತೆ.

ಇನ್ನು ಚಾರ್ಟನ್ನ ಮುಟ್ಟಿ ನೋಡೋ ಹಾಗೂ ಮಾಡಬಹುದು. ದಪ್ಪ ರಟ್ಟಿನ ಮೇಲೆ ಉಲ್ಲನ್ ದಾರ ಅಂಟಿಸಿ ಕಂಬ ಮಾಡಿ, ಎತ್ತರ ಬೆರಳಿಗೆ ತಿಳಿಯುತ್ತೆ. ನನಗೆ ಭಿನ್ನರಾಶಿ ಕಲಿಸಿದ ಟೀಚರು ಹೀಗೇ ಮಾಡಿದ್ರು, ಆ ರಟ್ಟು ಈಗ್ಲೂ ನೆನಪಿದೆ.

ಸುರಪುರದ ಮಾಸ್ತರ

ಮೈಸೂರಿನ ಸರ್, ನಿಮ್ಮ ಪೋಸ್ಟ್ ನಮ್ಮ ಕನ್ನಡ ಮಾಸ್ತರಿಗೆ ಕಳಿಸ್ದೆ, "ಇವ್ರು ನನ್ನ ಬಾಯಾಗಿನ ಮಾತೇ ಆಡ್ಯಾರ" ಅಂದ್ರು. ನಾ ಇಷ್ಟು ವರ್ಷ ಅವರಿಗೆ ಫೋಟೋ ಹೊಡೆದೇ ಎಲ್ಲಾ ಕಳಿಸ್ತಿದ್ದೆ, ಒಂದು ಸಲಾನೂ ಅವ್ರು ಅಂದಿಲ್ಲ. ಟೇಬಲ್ ಇವತ್ತೇ ಮಾಡ್ತೀನಿ.

ಒಂದು ಅಡಚಣಿ ಬಂದದ. ಜಿಲ್ಲಾದ ಹೆಸರು ನಕ್ಷಾದೊಳಗ ಕೂಡ್ವಲ್ದು. ಹತ್ತು ಹನ್ನೆರಡು ಜಿಲ್ಲಾ ಖಾಲಿ ಬರ್ಲಿಕತ್ಯಾವ. ಮತ್ತ ನಮ್ಮೂರಿನ ಸಾಕ್ಷರತಾ ನಾನೇ ಲೆಕ್ಕ ಹಾಕಿದ್ರ ಭಾಳ ಕಡಿಮಿ ಬರ್ಲಿಕತ್ತದ, ಜಿಲ್ಲಾಕ್ಕಿಂತನೂ ಭಾಳ ಕೆಳಗ. ಎಲ್ಲಿ ತಪ್ಪೀನೋ ಏನೋ.

ನಕ್ಷೆ ಮತ್ತು ಕಾಫಿ, ಬೆಂಗಳೂರು

ಹೆಸರಿನ ಸಮಸ್ಯೆ ಎಲ್ಲರಿಗೂ ಬರೋದೇ. 2011ರ ಟೇಬಲಲ್ಲಿ ಗುಲ್ಬರ್ಗ, ಬಿಜಾಪುರ, ಬೆಳಗಾಂ ಅಂತಿರುತ್ತೆ, 2014ರ ನವೆಂಬರಲ್ಲಿ ಹೆಸರು ಬದಲಾದ ಮೇಲೆ ಬಂದ ನಕ್ಷೇಲಿ ಕಲಬುರಗಿ, ವಿಜಯಪುರ, ಬೆಳಗಾವಿ. ಹೆಸರು ಬಿಟ್ಟು ಜನಗಣತಿಯ ಜಿಲ್ಲಾ ಕೋಡ್ ಬಳಸಿ, ನಮ್ಮ ರಾಜ್ಯಕ್ಕೆ 555ರಿಂದ 584, ಯಾದಗಿರಿ 580. ಮತ್ತೆ 2011ರಲ್ಲಿ 30 ಜಿಲ್ಲೆ, ವಿಜಯನಗರ ಜಿಲ್ಲೆ ಆಗಿದ್ದು 2021ರಲ್ಲಿ. ಈಗಿನ 31 ಜಿಲ್ಲೆ ನಕ್ಷೆ ಹಾಕಿದ್ರೆ ಹೊಸಪೇಟೆ ಸುತ್ತಮುತ್ತ ಖಾಲಿ ಬರುತ್ತೆ, ಹಳೇ 30 ಜಿಲ್ಲೆ ನಕ್ಷೇನೇ ಹುಡುಕಿ ಹಾಕಿ.

ಊರಿನ ಲೆಕ್ಕ ಎಲ್ಲಿ ತಪ್ಪಿದೆ ಅಂತ ಊಹಿಸಬಲ್ಲೆ. ಅಕ್ಷರಸ್ಥರ ಸಂಖ್ಯೇನ ಒಟ್ಟು ಜನಸಂಖ್ಯೆಯಿಂದ ಭಾಗಿಸಿರ್ತೀರ. ಜನಗಣತಿ ಸಾಕ್ಷರತೆ 7 ವರ್ಷ ಮೇಲಿನವರದ್ದು. ಅದೇ ಟೇಬಲಲ್ಲಿ 0ರಿಂದ 6 ವರ್ಷದ ಮಕ್ಕಳ ಕಾಲಂ ಇರುತ್ತೆ, ಒಟ್ಟು ಜನರಿಂದ ಅವರನ್ನ ಕಳೆದು ಆಮೇಲೆ ಭಾಗಿಸಿ. ಗಂಡು ಹೆಣ್ಣು ಬೇರೆ ಬೇರೆ ಕಳೀಬೇಕು. ಚಿಕ್ಕ ಮಕ್ಕಳು ಜಾಸ್ತಿ ಇರೋ ಊರುಗಳಿಗೇ ಈ ತಪ್ಪಿಂದ ಹೆಚ್ಚು ಅನ್ಯಾಯ ಆಗೋದು, ಇಲ್ಲದ ಹಿಂದುಳಿದಿರುವಿಕೆ ಕಾಣಿಸಿಬಿಡುತ್ತೆ.

ಹೊಸಬ 88

ಎಲ್ಲಾ ಸರಿ, ಆದ್ರೆ 2011ರ ಅಂಕಿ ಇಟ್ಕೊಂಡು ಈಗ ಗ್ರಾಮಸಭೆಗೆ ಹೋಗೋದು ಸರೀನಾ? ಹೆಚ್ಚುಕಮ್ಮಿ ಆ ಮಕ್ಕಳು ಹುಟ್ಟಿದ ಕಾಲದ ಅಂಕಿ ಅದು. ಎನ್‌ಎಫ್‌ಎಚ್‌ಎಸ್-5, ಅಂದ್ರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇದೆ, 2019-20ರದ್ದು, ಜಿಲ್ಲಾವಾರು ಫ್ಯಾಕ್ಟ್‌ಶೀಟ್ ಸಿಗುತ್ತೆ. ಅದನ್ನೂ ಸೇರಿಸಿ ಗೆರೆ ಮುಂದುವರಿಸಿ.

ನಕ್ಷೆ ಮತ್ತು ಕಾಫಿ, ಬೆಂಗಳೂರು

ಅಂಕಿ ಹಳೇದು ಅನ್ನೋದು ಒಪ್ತೀನಿ. 2021ರ ಜನಗಣತಿ ಮುಂದೆ ಹೋಗಿ ಈಗಿನದ್ದಕ್ಕೆ 2027ರ ಮಾರ್ಚ್ 1 ಅಂತ ದಿನಾಂಕ ಇಟ್ಟಿದ್ದಾರೆ, ಅದರ ಹಳ್ಳಿ ಮಟ್ಟದ ಅಂಕಿ ಕೈಗೆ ಸಿಗೋ ತನಕ 2011 ಬಿಟ್ರೆ ಬೇರೆ ದಾರಿ ಇಲ್ಲ. ಚಾರ್ಟಿನ ಮೇಲೆ "2011" ಅಂತ ದೊಡ್ಡ ಅಕ್ಷರದಲ್ಲಿ ಹಾಕಿ, ಮೂಲೇಲಿ ಸಣ್ಣದಾಗಿ ಅಲ್ಲ. ಆದ್ರೆ ಎನ್‌ಎಫ್‌ಎಚ್‌ಎಸ್ ಅಂಕಿ ಸೇರಿಸಿ ಒಂದೇ ಗೆರೆ ಎಳೆಯೋದು ಮಾತ್ರ ಮಾಡಬೇಡಿ. ಅದರಲ್ಲಿ ಸಾಕ್ಷರತೆ ಅಂದ್ರೆ 15ರಿಂದ 49 ವಯಸ್ಸಿನವರದ್ದು, ಒಂಬತ್ತನೇ ಕ್ಲಾಸ್ ಮುಗಿಸಿದವರನ್ನ ಹಾಗೇ ಲೆಕ್ಕಕ್ಕೆ ತಗೋತಾರೆ, ಮಿಕ್ಕವರ ಮುಂದೆ ಒಂದು ವಾಕ್ಯ ಇಟ್ಟು ಓದಿಸಿ ನೋಡ್ತಾರೆ. ಜನಗಣತೀಲಿ ಮನೆಯವರು ಹೇಳಿದ್ದನ್ನ ಬರ್ಕೊಳ್ಳೋದು, ಅಜ್ಜಿಯಿಂದ ಹಿಡಿದು 7 ವರ್ಷದ ಮಗು ತನಕ ಎಲ್ಲರೂ ಬರ್ತಾರೆ. ಅಳತೆ ಕೋಲೇ ಬೇರೆ. ಜೊತೆಗೆ ಎನ್‌ಎಫ್‌ಎಚ್‌ಎಸ್ ಸ್ಯಾಂಪಲ್ ಸರ್ವೆ, ಊರಿನ ಅಂಕಿ ಅದರಲ್ಲಿ ಸಿಗಲ್ಲ. ಬೇಕಿದ್ರೆ ಬೇರೆ ಹಾಳೇಲಿ ಬೇರೆ ಚಾರ್ಟ್ ಮಾಡಿ ತೋರಿಸಿ.

ಕುಡ್ಲದ ಟೀಚರ್

ನಾನು ಮಂಗಳೂರಿನವಳು, ಇಲ್ಲಿ ಎಲ್ಲರೂ ನಮ್ಮ ಜಿಲ್ಲೆಯನ್ನು ಮೇಲೆ ಇಟ್ಟು ಮಾತಾಡ್ತಾ ಇದ್ದೀರಿ ಅಂತ ಬರೀತಾ ಇದ್ದೇನೆ. 88.57 ಅಂತ ಕಂಡ್ರೆ ಇಲ್ಲಿ ಎಲ್ಲ ಮುಗಿದಿದೆ ಅಂತ ಅನ್ಸ್ತದೆ ಅಲ್ವಾ, ಆದ್ರೆ ಹಾಗಿಲ್ಲ ಮಾರಾಯ್ರೆ. ಕೊರಗರು ಇರುವುದು ನಮ್ಮಲ್ಲಿ ಮತ್ತೆ ಉಡುಪಿಯಲ್ಲಿಯೇ ಹೆಚ್ಚು, ರಾಜ್ಯದಲ್ಲಿ ಅತಿ ದುರ್ಬಲ ಬುಡಕಟ್ಟು ಅಂತ ಕೇಂದ್ರ ಸರ್ಕಾರ ಗುರುತಿಸಿದ್ದು ಎರಡೇ, ಕೊರಗರು ಮತ್ತೆ ಜೇನು ಕುರುಬರು. ಅವರ ಸಂಖ್ಯೆ ಕಮ್ಮಿ, ಹಾಗಾಗಿ ಅವರಲ್ಲಿ ಎಷ್ಟು ಮಕ್ಕಳು ಶಾಲೆ ಬಿಟ್ಟರೂ ಜಿಲ್ಲೆಯ ಸರಾಸರಿ ಅಲ್ಲಾಡುವುದಿಲ್ಲ. ಕೊಡಗಿನದ್ದೂ ಹಾಗೆಯೇ, ಜಿಲ್ಲೆಗೆ 82.61 ಇದೆ, ಬುಡಕಟ್ಟಿನವರ ಹಾಡಿಗಳ ಒಳಗೆ ಹೋದ್ರೆ ಬೇರೆಯೇ ಕಥೆ. ಗಾಢ ನೀಲಿ ಬಣ್ಣದ ಅಡಿಯಲ್ಲಿ ಅವರು ಮುಚ್ಚಿ ಹೋಗ್ತಾರೆ. ಜನಗಣತಿಯಲ್ಲಿ ಪ್ರತಿ ಪಂಗಡಕ್ಕೂ ಬೇರೆ ಬೇರೆ ಟೇಬಲ್ ಉಂಟು, ಅದನ್ನು ತೆಗೆದು ಜಿಲ್ಲೆಯ ಚುಕ್ಕಿಯ ಪಕ್ಕದಲ್ಲಿಯೇ ಇನ್ನೊಂದು ಚುಕ್ಕಿ ಇಡಬೇಕು.

ಆದ್ರೆ ಒಂದು ಜಾಗ್ರತೆ ಬೇಕು ಮಾಸ್ತರೇ. ಊರಿನ ಮಟ್ಟಕ್ಕೆ ಇಳಿದಾಗ ಒಂದು ಸಮುದಾಯದ್ದು ನಾಲ್ಕೇ ಮನೆ ಇದ್ರೆ ಅದನ್ನು ಚಾರ್ಟಲ್ಲಿ ತೋರಿಸ್ಬೇಡಿ. ಯಾರ ಮನೆ ಅಂತ ಸಭೆಯಲ್ಲಿ ಕೂತವರಿಗೆಲ್ಲ ಗೊತ್ತಾಗ್ತದೆ, ಆ ಮನೆಯ ಮಗು ಅಲ್ಲಿಯೇ ಕೂತಿರ್ತದೆ.

ಬಸಮ್ಮನ ಮಗಳು, ಕೊಪ್ಪಳ

ನಾನು ಕೊಪ್ಪಳ ಕಡೆ ಮಹಿಳಾ ಸಂಘಗಳ ಜೋಡಿ ಭಾಳ ವರ್ಷ ಕೆಲಸ ಮಾಡೀನ್ರಿ. ಓದಾಕ ಬರದ ತಾಯಂದ್ರಿಗೆ ಹೆಂಗ ಅಂತ ಕೇಳೀರಿ, ಅದಕ್ಕ ಕಂಪ್ಯೂಟರ್ ಬ್ಯಾಡ. ನೂರು ಹುಣಸಿ ಬೀಜ ತಗೊಂಡು ಹೋಗ್ರಿ. ನೆಲದ ಮ್ಯಾಲ ರಂಗೋಲಿ ಪುಡಿಯಿಂದ ಎರಡು ದೊಡ್ಡ ಮನಿ ಬರೀರಿ, ಒಂದು ಓದು ಬಂದವರದು, ಒಂದು ಬರದವರದು. "ಯವ್ವಾ, ನಮ್ಮ ಜಿಲ್ಲಾದಾಗ ನೂರು ಹೆಣ್ಮಕ್ಕಳಂದ್ರ ಎಷ್ಟು ಮಂದಿಗೆ ಓದಾಕ ಬರ್ತೈತಿ ಅಂತೀರಿ, ನೀವಾ ಹಂಚ್ರಿ" ಅಂತ ಬೀಜ ಅವರ ಕೈಯಾಗ ಕೊಡ್ರಿ. ಮೊದಲ ನೀವು ಉತ್ತರ ಹೇಳಬ್ಯಾಡ್ರಿ. ಅವ್ರು ಮಾತಾಡಿ, ಜಗಳಾಡಿ, ಒಬ್ಬಾಕಿ ಇಟ್ಟಿದ್ದನ್ನ ಇನ್ನೊಬ್ಬಾಕಿ ತೆಗದು, ಕಡೀಕ ಒಂದು ಲೆಕ್ಕಕ್ಕ ಬರ್ತಾರ. ಆಮ್ಯಾಗ ನೀವು 41 ಎಣಿಸಿ ಇಡ್ರಿ. ಪಕ್ಕದಾಗ ಗಂಡಸರದು 62. ಶೇಕಡಾ ಅನ್ನೋ ಮಾತು ಬಾಯಿಗೆ ಬರೂದಾ ಬ್ಯಾಡ.

ಇದು ಹೊಸಾದಲ್ಲ, ಹಳ್ಳಿ ಅಭಿವೃದ್ಧಿ ಕೆಲಸ ಮಾಡೂ ಮೈರಾಡ ಸಂಸ್ಥಾದವ್ರು ನಮ್ಮ ರಾಜ್ಯದ ಹಳ್ಳಿಗಳೊಳಗ ರಂಗೋಲಿ, ಬೀಜ ಇಟ್ಟು ಊರಿನ ನಕ್ಷಾ ಜನರ ಕೈಯಿಂದನಾ ಬರಸೂ ಕೆಲಸ ಭಾಳ ಹಿಂದನಾ ಮಾಡ್ಯಾರ. ನಾ ಕಂಡಿದ್ದೇನಂದ್ರ, ಹಾಳಿ ಮ್ಯಾಲ ಇದ್ದದ್ದನ್ನ ಯಾರೂ ಸುಳ್ಳು ಅನ್ನೂದಿಲ್ಲ, ಬೀಜ ಇಟ್ಟಿದ್ದನ್ನ ಮಾತ್ರ ಎಲ್ಲಾರೂ ಸರಿಸ್ತಾರ. "ಇಲ್ಲ, ಇದು ತಪ್ಪೈತಿ, ನಮ್ಮ ಓಣ್ಯಾಗ ಅಷ್ಟಿಲ್ಲ" ಅಂತ ಒಬ್ಬಾಕಿ ಎದ್ದಳಂದ್ರ ಅವತ್ತಿನ ಸಭಾ ಗೆದ್ದಂಗ. ಮೈಸೂರಿನ ಅಣ್ಣಾರು ಉಲ್ಲನ್ ದಾರ ಅಂದ್ರಲ್ಲ, ಬೀಜನೂ ಕೈಗೆ ತಿಳೀತಾವ, ನಿಮ್ಮ ಕನ್ನಡ ಮಾಸ್ತರ್ ಎಣಿಸಾಕೂ ಬರ್ತೈತಿ.

ಸುರಪುರದ ಮಾಸ್ತರ

ಎಲ್ಲರಿಗೂ ಕೈ ಮುಗೀತೀನ್ರಿ. ಮೂರು ದಿನದಾಗ ಏನೇನ್ ಆತು ಅಂತ ಬರೀತೀನಿ. 0-6 ಕಳೆದ ಮ್ಯಾಲ ನಮ್ಮೂರಿನ ಅಂಕಿ ಸರಿ ಬಂತು, ಅದಾ ತಪ್ಪಾಗಿತ್ತು. ಕೋಡ್ ಹಾಕಿದ ಮ್ಯಾಲ ನಕ್ಷಾನೂ ಕೂಡ್ತು. 2001-2011ರ ಗೆರಿ ಹುಡುಗ್ರೇ ಹಾಳಿ ಮ್ಯಾಲ ಸ್ಕೇಲ್ ಇಟ್ಟು ಎಳದಾರ, ಕೆಂಪ ಬಣ್ಣ ಕೇಳಿದಾಕಿನೇ ಯಾದಗಿರಿ ಗೆರಿ ಎಳದ್ಳು. ಅಂಕಿ ಎರಡು ಸಲ ತಾಳೆ ನೋಡಿ, ಹನ್ನೆರಡು ಏರ್ಯದ ಅಂತ ಗೆರಿ ಪಕ್ಕಕ್ಕ ದೊಡ್ಡದಾಗಿ ಬರದಾಳ.

ಕನ್ನಡ ಮಾಸ್ತರಿಗೆ ಯೂನಿಕೋಡಿನ್ಯಾಗ ಟೇಬಲ್ ಮಾಡಿ ಕೊಟ್ಟೆ, ಜಿಲ್ಲಾ, ಗಂಡಸರು, ಹೆಣ್ಮಕ್ಕಳು, ಅಂತರ ಅಂತ ನಾಲ್ಕು ಕಾಲಂ. ಸ್ಟಾಫ್ ರೂಮಿನ್ಯಾಗ ಇಯರ್‌ಫೋನ್ ಹಾಕ್ಕೊಂಡು ಬಾಣದ ಕೀ ಒತ್ತಕೋತ ಕುಂತಿದ್ರು. ಅರ್ಧ ತಾಸಿಗೆ ನನ್ನ ಕರದು ಅಂದ್ರು, "ಸರ್, ಎಲ್ಲಾರೂ ಯಾದಗಿರಿನೇ ಕೆಳಗ ಅಂತಾರ, ಆದ್ರ ಅಂತರದ ಕಾಲಂ ಕೇಳ್ರಿ, ರಾಯಚೂರಿಗೆ 70.47 ಮತ್ತ 48.73, ಅಂತರ 21.74. ಕೊಪ್ಪಳಕ್ಕ 78.54 ಮತ್ತ 57.55, ಅದು 20.99. ನಮ್ಮದು 20.87. ಗಂಡು ಹೆಣ್ಣಿನ ನಡುವಿನ ಅಂತರ ಆ ಎರಡೂ ಕಡಿ ನಮಗಿಂತ ಜಾಸ್ತಿ ಅದ, ಕೊಪ್ಪಳದ ಸಾಕ್ಷರತಾ ನಮಗಿಂತ ಎಷ್ಟು ಮ್ಯಾಲದ ನೋಡ್ರಿ, ಆದ್ರೂ ಅಂತರ ಇಳಿದಿಲ್ಲ."

ನಾ ಅದೇ ಅಂಕಿ ಎರಡು ವಾರದಿಂದ ನೋಡ್ಲಿಕತ್ತೀನಿ, ನನಗ ಕಂಡಿರ್ಲಿಲ್ಲ. ನಕ್ಷಾದೊಳಗ ಕೊಪ್ಪಳ ಛಲೋ ಬಣ್ಣದಾಗೇ ಇತ್ತು.

ಹಂಗಾಗಿ ಸಭಾದಾಗ ಈಗ ಮಾತು ಬ್ಯಾರೇನೇ ಆಗ್ಯದ. ನಮ್ಮ ಜಿಲ್ಲಾ ಹಿಂದದ ಅನ್ನೂದಷ್ಟೇ ಅಲ್ಲ, ಹುಡುಗಿಯರನ್ನ ಏಳನೇತ್ತಾ ಮುಗಿದ ಮ್ಯಾಲ ಹೈಸ್ಕೂಲಿಗೆ ಕಳಸ್ಲಿಕ್ ಬಸ್ ಬೇಕು ಅಂತ ಹುಡುಗ್ರು ಕೇಳ್ತಾರ. ಬೀಜದ ಆಟಾ ಮೊದಲ, ಆಮ್ಯಾಗ ಗೆರಿ ಹಾಳಿ, ಕಡೀಕ ಕನ್ನಡ ಮಾಸ್ತರ್ ಮಾತಾಡ್ತಾರ. ಕೊಪ್ಪಳದ ಅಕ್ಕಾರೇ, ಎರಡು ನೂರು ಬೀಜ ತೊಳೆದು ಒಣಾಗ್ಲಿಕ್ ಹಾಕೀವ್ರಿ, ಗಂಡಸರದ್ದಕ್ಕ ಬ್ಯಾರೆ ಬೀಜ ಇಡ್ಬೇಕೋ, ಎರಡಕ್ಕೂ ಹುಣಸೀದೇ ಸಾಕೋ, ಇದೊಂದು ಹೇಳ್ರಿ.

ಬಸಮ್ಮನ ಮಗಳು, ಕೊಪ್ಪಳ

ಎರಡಕ್ಕೂ ಹುಣಸೀದೇ ಇಡ್ರಿ ಮಾಸ್ತರ. ಬ್ಯಾರೆ ಬೀಜ ಇಟ್ರ ಒಂದು ದೊಡ್ಡದು, ಒಂದು ಸಣ್ಣದು ಆಗಿ ರಾಶಿ ನೋಡಿದವರಿಗೆ ತಪ್ಪು ತಿಳೀತೈತಿ. ನಮ್ಮ ಕೊಪ್ಪಳದ 20.99 ನಾನೂ ಬರಕೊಂಡೀನಿ, ಬರೂ ವಾರ ನಮ್ಮ ಸಂಘದ ಸಭಾ ಐತಿ, ಅಲ್ಲೂ ಇಡ್ತೀನಿ.